ಗೀಚಿ ಹಾಕಿದ ಆ ಸಾಲು

ಉಡುಪಿ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ತಲುಪಿತು. ತನ್ನ ಡಯಾಲಿಸಿಸ್ಸಿನ ಸಂಗತಿಗಳನ್ನು ನಿನ್ನ ಅಮ್ಮನೇ ಫೋನಿನಲ್ಲಿ ಹೇಳುತ್ತಿರುವುದರಿಂದ ಇಲ್ಲಿ ಎತ್ತುವುದಿಲ್ಲ. ಕೊನೆಯ ಪುಟದಲ್ಲಿ ನೀನು ಬರೆದು, ಗೀಚಿ ಹಾಕಿ, ಮತ್ತೆ ಬರೆದಿರುವ ಸಾಲು ಮಾತ್ರ ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ: "ಇದೆಲ್ಲ ಒಮ್ಮೆ ಮುಗಿದುಹೋದರೆ ಸಾಕು ಅನ್ನಿಸಿತು, ನಾನು ಎಂಥ ಮಗಳು?" ನಿನ್ನ ಅಮ್ಮ ನನ್ನ ಬೆನ್ನಿಗೆ ಹುಟ್ಟಿದ ತಂಗಿ, ಆದರೂ ಅದನ್ನು ಓದಿ ನನಗೆ ಸಿಟ್ಟು ಬರಲಿಲ್ಲ, ನಿನ್ನ ಬಗ್ಗೆ ಹೆದರಿಕೆಯಾಯಿತು.

ನನ್ನ ಅತ್ತೆ ಹಾಸಿಗೆ ಹಿಡಿದಿದ್ದ ನಾಲ್ಕು ವರ್ಷಗಳಲ್ಲಿ ಈ ಯೋಚನೆ ನನಗೂ ಬಂದಿತ್ತು. ಆಟಿ ತಿಂಗಳ ಒಂದು ರಾತ್ರಿ ಅವರು ಮೂರು ಸಲ ಕರೆದರು; ಎಚ್ಚರವಿದ್ದೂ ನಾನು ಏಳಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಒದ್ದೆಯಾದ ಹೊದಿಕೆಯನ್ನು ಮುದ್ದೆ ಮಾಡಿ ಗೋಡೆಯ ಬದಿಗೆ ಒತ್ತಿ, ನನಗೆ ಕಾಣದಿರಲೆಂದು ಅದರ ಮೇಲೆ ಕೈಯಿಟ್ಟು ಮಲಗಿದ್ದರು. ಹೊದಿಕೆಯನ್ನು ಒಗೆದು ಹಾಕಿದೆ, ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲಿದ್ದುದನ್ನು ಯಾರಲ್ಲಾದರೂ ಆಡಿದ್ದರೆ ಆ ರಾತ್ರಿ ಎದ್ದಿರುತ್ತಿದ್ದೆನೋ ಏನೋ.

ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಸ್ಟೀವನ್ ಝರಿಟ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದ ಪ್ರಶ್ನಾವಳಿಯೊಂದಿದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ 22 ಪ್ರಶ್ನೆಗಳಲ್ಲಿ, ರೋಗಿಯ ಹತ್ತಿರವಿದ್ದಾಗ ಸಿಟ್ಟು ಬರುತ್ತದೆಯೇ, ಆರೈಕೆಯನ್ನು ಬೇರೆಯವರಿಗೆ ಬಿಟ್ಟುಬಿಡೋಣವೆನ್ನಿಸುತ್ತದೆಯೇ ಎಂದೂ ಕೇಳುತ್ತಾರೆ. ಎಷ್ಟೋ ಜನರಿಗೆ ಹಾಗೆ ಅನ್ನಿಸದಿದ್ದರೆ ಆ ಪ್ರಶ್ನೆಗಳನ್ನು ಯಾರು ಬರೆಯುತ್ತಿದ್ದರು? ಮುಗಿಯಲೆಂದು ನಿನಗೆ ಅನ್ನಿಸಿದ್ದು ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ಆ ಬೆಂಚಿನ ಮೇಲೆ ಕಾಯುವ ಪಾಡು ಎಂದೇ ನಾನು ನಂಬಿದ್ದೇನೆ.

ನೀರಿನ ಲೋಟವನ್ನು ಅಮ್ಮನ ಕೈಯಿಂದ ಕಸಿದುಕೊಂಡೆಯೆಂದು ಬರೆದಿದ್ದೀಯಲ್ಲ, ಡಾಕ್ಟರು ಹೇಳಿದಷ್ಟನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿ ಅವಳಿಗೇ ಒಪ್ಪಿಸಿ ನೋಡು. ಯಾವಾಗ ಕುಡಿಯಬೇಕೆಂಬ ತೀರ್ಮಾನವಾದರೂ ಅವಳದಾಗಿರಲಿ. ಬೊಂಡದ ನೀರು ಕೇಳಿದಾಗ ಪೊಟ್ಯಾಸಿಯಂ ಹೆಚ್ಚು, ಬೇಡ ಎನ್ನುವ ನಿಷ್ಠುರದ ಮಾತನ್ನು ನನಗೆ ಬಿಡು, ಅಕ್ಕನಾಗಿ ನಾನು ಹೇಳುತ್ತೇನೆ. ಆ ಯೋಚನೆ ದಿನವೂ ಬರತೊಡಗಿದರೆ, ನಿದ್ದೆ ಬಿಟ್ಟುಹೋದರೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಕುಳಿತು ಇಷ್ಟು ಹೇಳುವುದು ಸುಲಭವೆಂದು ಗೊತ್ತು, ಬೇಸರಿಸಬೇಡ.

ಗುರುವಾರ ಸಂಜೆಯ ಬಸ್ಸಿಗೆ ಮಂಗಳೂರಿಗೆ ಬರುತ್ತೇನೆ. ಶುಕ್ರವಾರ ಆಸ್ಪತ್ರೆಗೆ ಅವಳ ಜೊತೆ ನಾನು ಹೋಗುತ್ತೇನೆ. ನೀನು ಮನೆಯಲ್ಲಿ ಮಲಗು.

ಇತಿ,
ನಿನ್ನ ದೊಡ್ಡಮ್ಮ