ಟೈಲ್ಸ್ ಮೇಸ್ತ್ರಿ ಮೂರೂವರೆಗೆ ಮನೆಗೆ ಹೊರಟರು

ಸ್ಟುಟ್‌ಗಾರ್ಟ್, ಜರ್ಮನಿ
ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಬಚ್ಚಲುಮನೆ ಕೆಲಸ ಅಂತೂ ಮುಗಿಯುವ ಹಂತಕ್ಕೆ ಬಂದಿದೆ. ಮೊನ್ನೆ ಫೋನಿನಲ್ಲಿ ಅಪ್ಪ, "ಅಲ್ಲಿಯವರಿಗೆ ಶಿಸ್ತು ರಕ್ತದಲ್ಲೇ ಇರುತ್ತೆ ಬಿಡು, ನಮ್ಮ ಮಹಡಿ ಕೆಲಸದ ಮೇಸ್ತ್ರಿಗೆ ಎಷ್ಟು ಹೇಳಿದರೂ ಅಷ್ಟೇ, ಮೂರು ಕಡೆ ಕೆಲಸ ಹಿಡಿದು ಓಡಾಡ್ತಾರೆ" ಅಂದಿರಲ್ಲ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಮಾತು ತಲೆಯಲ್ಲೇ ಉಳಿದಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೇಗೂ ಇವತ್ತು ಭಾನುವಾರ, ಇಲ್ಲಿ ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ. ಸದ್ದಾದರೆ ಕೆಳಗಿನ ಮನೆಯ ಅಜ್ಜಿ ಬಂದು ಬೆಲ್ ಒತ್ತುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ಕೆಲಸದವರೂ ಫೋನ್ ಎತ್ತುವುದಿಲ್ಲ! ಒಬ್ಬರು ಬಂದರು, ಅಳತೆ ತೆಗೆದುಕೊಂಡರು, ಕಾಫಿ ಕುಡಿದರು, ಕೊಟೇಶನ್ ಕಳಿಸುತ್ತೇನೆ ಅಂದರು. ಇವತ್ತಿನವರೆಗೂ ಪತ್ತೆ ಇಲ್ಲ. ಕಸುಬು ಬಲ್ಲವರು ಸಾಕಾಗುತ್ತಿಲ್ಲ, ಹೊಸ ಹುಡುಗರು ಈ ಕಡೆ ಬರುವುದು ಕಡಿಮೆ. ಒಳ್ಳೆಯವರು ಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು.

ಕಡೆಗೆ ನಮಗೆ ಸಿಕ್ಕ ಟೈಲ್ಸ್ ಮೇಸ್ತ್ರಿ ಬೋಸ್ನಿಯಾದವರು. ಅಲ್ಲಿ ಯುದ್ಧ ನಡೆಯುವಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು, ಇಲ್ಲೇ ಕೆಲಸ ಕಲಿತವರು. ಹಾಗಾಗಿ ಆ ರಕ್ತದ ಮಾತು ಬಿಡಿ ಅಪ್ಪ.

ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಬರುತ್ತಿದ್ದರು. ಮೊದಲು ಮೆಟ್ಟಿಲ ಮೇಲೆಲ್ಲ ದಪ್ಪ ಬಟ್ಟೆ ಹಾಸಿದರು. ಆಮೇಲೆ ಗೋಡೆಗೆ ಲೇಸರ್ ಗೆರೆ ಬಿಟ್ಟುಕೊಂಡು ಅರ್ಧ ದಿನ ಬರೀ ಅಳತೆ. ಒಂದು ಟೈಲ್ಸೂ ಅಂಟಿಸಲಿಲ್ಲ. ಎಡ ಮೂಲೆಯಲ್ಲಿ ಬರುವ ತುಂಡು ಎಷ್ಟು ಅಗಲವೋ ಬಲ ಮೂಲೆಯದೂ ಅಷ್ಟೇ ಇರಬೇಕಂತೆ. ಗಂಟೆಗೆ ಹತ್ತಿರ ಹತ್ತಿರ 60 ಯೂರೋ, ಅದರ ಮೇಲೆ 19% ತೆರಿಗೆ. ನನಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ಶವರ್ ಜಾಗದ ಕೆಲಸವನ್ನಂತೂ ನೀವು ನೋಡಬೇಕಿತ್ತು. ನೀರು ಇಳಿಯದಂತೆ ಗೋಡೆಗೂ ನೆಲಕ್ಕೂ ರಬ್ಬರಿನಂಥ ಪೇಂಟ್ ಎರಡು ಕೋಟ್ ಬಳಿದರು. ಎರಡಕ್ಕೂ ಬೇರೆ ಬೇರೆ ಬಣ್ಣ. ಮೇಲಿನ ಕೋಟ್ ಎಲ್ಲಾದರೂ ಬಿಟ್ಟುಹೋಗಿದ್ದರೆ ಕೆಳಗಿನ ಬಣ್ಣ ಕಂಡುಬಿಡುತ್ತೆ, ಮೋಸ ಮಾಡೋಕೆ ಆಗಲ್ಲ. ಮೂಲೆಗಳಿಗೆ, ಪೈಪ್ ಸುತ್ತ ಪಟ್ಟಿ ಅಂಟಿಸಿದರು. ಒಣಗುವ ತನಕ ಅದರ ತಂಟೆಗೇ ಹೋಗಲಿಲ್ಲ. ಮನೆಗೆ ನೆಂಟರು ಬರ್ತಾರೆ, ಬೇಗ ಮುಗಿಸಿ ಎಂದು ನಾನು ಗೋಗರೆದೆ. "ಒಣಗುವುದು ನನ್ನ ಕೈಯಲ್ಲಿಲ್ಲ" ಅಂದು ಚೀಲ ಎತ್ತಿಕೊಂಡರು.

ಮಧ್ಯಾಹ್ನ ಮೂರೂವರೆ ಆಯಿತೆಂದರೆ ಕರಣೆ ತೊಳೆದು, ನೆಲ ಗುಡಿಸಿ ಹೊರಟುಬಿಡುತ್ತಿದ್ದರು. ಒಂದು ದಿನ ಒಂದೇ ಒಂದು ಸಾಲು ಬಾಕಿ ಇತ್ತು. ಆಗಲೂ ಅಷ್ಟೇ. ನಮ್ಮಲ್ಲಾದರೆ ಇನ್ನೊಂದು ಲೋಟ ಟೀ ಕೊಟ್ಟು, ಟ್ಯೂಬ್‌ಲೈಟ್ ಎಳೆದು ತಂದು ರಾತ್ರಿ ಮುಗಿಸಿಕೊಳ್ಳುತ್ತೇವೆ. ಆ ಸಾಲೇ ಆಮೇಲೆ ಸೊಟ್ಟಗೆ ಕಾಣುವುದು.

ಜೊತೆಗೆ ಕೆಲಸ ಕಲಿಯುವ ಹುಡುಗನೊಬ್ಬ ಬರುತ್ತಿದ್ದ. ಮೂರು ವರ್ಷದ ತರಬೇತಿ. ಕೆಲವು ದಿನ ಶಾಲೆ, ಉಳಿದ ದಿನ ಸೈಟು. ಕಲಿಯುವಾಗಲೂ ಸಂಬಳ ಉಂಟು. ಅವನು ಕೂರಿಸಿದ ಟೈಲ್ಸನ್ನು ಮೇಸ್ತ್ರಿ ಬೆರಳ ಗಿಣ್ಣಿನಿಂದ ಒಂದೊಂದಾಗಿ ತಟ್ಟಿ ಕೇಳುತ್ತಿದ್ದರು. ಒಂದು ಕಡೆ ಟೊಳ್ಳು ಸದ್ದು ಬಂತು. ಬೈಯಲಿಲ್ಲ, ಕರಣೆಯನ್ನು ಅವನ ಕೈಗೆ ಕೊಟ್ಟರು. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕಿತ್ತ, ಹಿಂದೆ ಪೂರ್ತಿ ಗಮ್ ಹಚ್ಚಿ ಮತ್ತೆ ಕೂರಿಸಿದ.

ಇದೆಲ್ಲ ಬರೀ ಒಳ್ಳೆಯ ಬುದ್ಧಿಯಿಂದ ಬಂದದ್ದಲ್ಲ ಅಪ್ಪ. ಇಲ್ಲಿ ಎಷ್ಟೋ ಕಸುಬುಗಳಲ್ಲಿ ಸ್ವಂತ ಬೋರ್ಡ್ ಹಾಕಬೇಕಾದರೆ ಸಾಮಾನ್ಯವಾಗಿ ಮೈಸ್ಟರ್ ಅನ್ನುವ ಪರೀಕ್ಷೆ ಪಾಸಾಗಿರಬೇಕು. 2004ರಲ್ಲಿ ಸರ್ಕಾರ 53 ಕಸುಬುಗಳಿಗೆ ಅದು ಬೇಡ ಅಂತ ತೆಗೆದುಹಾಕಿತು. ಅದರಲ್ಲಿ ಟೈಲ್ಸ್ ಕೆಲಸವೂ ಇತ್ತು. ಒಬ್ಬೊಬ್ಬರೇ ನಡೆಸುವ ಟೈಲ್ಸ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಹುಡುಗರನ್ನು ಇಟ್ಟುಕೊಂಡು ಕಲಿಸುವವರು ಕಡಿಮೆಯಾದರು. ಕಡೆಗೆ 2020ರಲ್ಲಿ 12 ಕಸುಬುಗಳಿಗೆ ಪರೀಕ್ಷೆ ವಾಪಸ್ ಬಂತು, ಟೈಲ್ಸಿಗೂ ಸೇರಿ. ದೇಶ ಅದೇ, ಜನರೂ ಅವರೇ. ರೂಲ್ಸ್ ಸಡಿಲಾದಾಗ ಇಲ್ಲೂ ಕಸುಬು ಜಾರಿತು, ಅಲ್ವಾ?

ದುಡ್ಡಿನ ವಿಷಯವೂ ಹಾಗೇ. ರಿಪೇರಿಯ ಕೂಲಿಯಲ್ಲಿ 20% ನಮ್ಮ ಆದಾಯ ತೆರಿಗೆಯಲ್ಲಿ ಕಳೆಯುತ್ತಾರೆ, ವರ್ಷಕ್ಕೆ ಹೆಚ್ಚೆಂದರೆ 1,200 ಯೂರೋ. ಆದರೆ ಬಿಲ್ ಇರಬೇಕು, ಬ್ಯಾಂಕಿನಿಂದಲೇ ಕೊಟ್ಟಿರಬೇಕು. ಕೈಗೆ ನೋಟು ಕೊಟ್ಟರೆ ಏನೂ ಸಿಗಲ್ಲ. ಹಾಗಾಗಿ ಬಿಲ್ ಬೇಕು ಅಂತ ನಾವೇ ಬೆನ್ನು ಬೀಳುತ್ತೇವೆ. ಕಟ್ಟಡದ ಕೆಲಸ ಕೆಟ್ಟರೆ ಮಾಡಿದವರ ಮೇಲೆ 5 ವರ್ಷ ಜವಾಬ್ದಾರಿ ಇರುತ್ತದೆ. ಕೆಲಸ ಮುಗಿದಾಗ ಇಬ್ಬರೂ ಜೊತೆಯಲ್ಲಿ ಸುತ್ತಿ ನೋಡಿ, ಕುಂದು ಬರೆದು, ಸಹಿ ಹಾಕುವ ಪದ್ಧತಿ ಇದೆ.

ಹಾಗಂತ ಎಲ್ಲರೂ ಅಪರಂಜಿ ಅಂದುಕೊಳ್ಳಬೇಡಿ. ಪ್ಲಂಬರ್ ನಲ್ಲಿಯ ಪಾಯಿಂಟನ್ನು ಎರಡು ಬೆರಳು ಪಕ್ಕಕ್ಕೆ ಬಿಟ್ಟು ಹೋಗಿದ್ದ. ಕೇಳಿದರೆ ಟೈಲ್ಸಿನವರ ತಪ್ಪು ಅಂದ. ಟೈಲ್ಸಿನವರು ಪ್ಲಂಬರ್ ತಪ್ಪು ಅಂದರು. ಈ ಜಗಳ ಮಾತ್ರ ಥೇಟ್ ನಮ್ಮೂರು ತಿಪಟೂರಿನದೇ.

ನಮ್ಮೂರ ಮೇಸ್ತ್ರಿ ಕೈಕೆಲಸದಲ್ಲಿ ಇವರಿಗಿಂತ ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ. ಲೇಸರ್ ಗೀಸರ್ ಇಲ್ಲದೆ, ನೀರು ತುಂಬಿದ ಟ್ಯೂಬ್ ಹಿಡಿದು ಇಡೀ ಮನೆಯ ಮಟ್ಟ ತೆಗೆದವರು ಅವರು. ಆದರೆ ಮಳೆ ಬಂದರೆ ಕೂಲಿ ಇಲ್ಲ, ಕಾಯಿಲೆ ಬಿದ್ದರೆ ಕೂಲಿ ಇಲ್ಲ. ಮಾಲೀಕರು ಕಂತು ಮುಂದಕ್ಕೆ ತಳ್ಳಿದರೆ ಇನ್ನೆರಡು ಸೈಟ್ ಹಿಡಿಯದೆ ಏನು ಮಾಡುತ್ತಾರೆ? ಅವರು ಮೂರು ಕಡೆ ಓಡಾಡುವುದು ಸೋಮಾರಿತನದಿಂದ ಅಲ್ಲ.

ಅಪ್ಪ, ಮಹಡಿ ಕೆಲಸಕ್ಕೆ ಮೂರು ವಿಷಯ. ಮೇಲಿನ ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ನೀರು ಹೋಗುವ ತೂತು ಮುಚ್ಚಿ, ಒಂದು ದಿನ ಪೂರ್ತಿ ನೀರು ನಿಲ್ಲಿಸಿ. ಕೆಳಗೆ ದೇವರಮನೆ ಸೂರು ಒದ್ದೆ ಆಗುತ್ತಾ ನೋಡಿ. ಯಾವ ಕೆಲಸ ಮುಗಿದರೆ ಎಷ್ಟು ದುಡ್ಡು ಅಂತ ಒಂದು ಹಾಳೆಯಲ್ಲಿ ಬರೆದು, ಅವರಿಗೊಂದು ಕಾಪಿ ಕೊಡಿ, ಹೇಳಿದ ದಿನ ಕೊಟ್ಟುಬಿಡಿ. ಆಮೇಲೆ ಅವರ ಹುಡುಗರಿಗೆ ಲೇಬರ್ ಕಾರ್ಡ್ ಇದೆಯಾ ಕೇಳಿ. 18 ದಾಟಿ 60ರ ಒಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ ಆ ಕಾರ್ಡ್ ಮಾಡಿಸಬಹುದು. ಅರ್ಜಿ ತುಂಬಲು ನೀವೇ ಕೂತು ಸಹಾಯ ಮಾಡಿದರೆ ಇನ್ನೂ ಒಳ್ಳೆಯದು.

ಅಮ್ಮ, ಟೈಲ್ಸ್ ಬಣ್ಣ ಬಿಳಿ ಬೇಡ ಅಂದಿದ್ದೆ, ತಿಳಿ ಹಸಿರು ಹಾಕಿಸಿದ್ದೇವೆ. ಫೋಟೋ ಕಳಿಸುತ್ತೇನೆ.

ಇಂತಿ ನಿಮ್ಮ ಮಗಳು,
ಸುಧಾ