ಮಗಳಿಗೊಂದು ಪತ್ರ: ಅಟ್ಟದಿಂದ ಇಳಿದ ಪುಸ್ತಕಗಳು

ಪ್ರೀತಿಯ ಪುಟ್ಟಿ,

ನಿನ್ನ ಮಗನಿಗೆ ಬೇಕೆಂದು ಕೇಳಿದ್ದೆಯಲ್ಲ, ಆ ಚಿತ್ರಪುಸ್ತಕಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಧೂಳು ಒರೆಸಿ ಕಟ್ಟಿಡಲು ಅರ್ಧ ಗಂಟೆ ಸಾಕಿತ್ತು. ಒಂದೊಂದನ್ನೇ ಓದುತ್ತ ಕುಳಿತೆ, ಮಧ್ಯಾಹ್ನವೇ ಕಳೆದುಹೋಯಿತು.

ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳು (1969) ಚೆನ್ನಾಗಿಯೇ ಇದೆ. ಹುಳು ಕೊರೆದ ತೂತುಗಳಲ್ಲಿ ನೀನು ಬೆರಳು ತೂರಿಸಿ ತೂರಿಸಿ ಐದು ಕಿತ್ತಳೆಗಳ ಪುಟ ಹರಿದಿದೆ, ಅಂಟಿಸಿದ್ದೇನೆ. ಕೊನೆಗೆ ಹುಳು ಗೂಡು ಕಟ್ಟಿ ಚಿಟ್ಟೆಯಾಗುತ್ತದೆ; ನಿಜದಲ್ಲಿ ಚಿಟ್ಟೆಯ ಹುಳು ಹಾಗೆ ಗೂಡು ನೇಯುವುದಿಲ್ಲ, ಅದು ಪತಂಗಗಳ ಪದ್ಧತಿ. ಇರಲಿ, ಶನಿವಾರ ಅಷ್ಟೆಲ್ಲ ತಿಂದು ಹೊಟ್ಟೆನೋವು ಬರಿಸಿಕೊಳ್ಳುವ ಹುಳುವಿನ ಬಳಿ ವಿಜ್ಞಾನ ಕೇಳುವುದು ಬೇಡ.

'ಗುಡ್‌ನೈಟ್ ಮೂನ್' ಅನ್ನು ಆಗ ಆಕಳಿಸುತ್ತಲೇ ಓದಿದ್ದೆ. ಚಿತ್ರಗಳನ್ನು ನೋಡಿದ್ದು ಈಗ. ಗಡಿಯಾರ ಏಳರಿಂದ ಎಂಟು ಹತ್ತಕ್ಕೆ ಸರಿಯುತ್ತದೆ, ಕೋಣೆ ಸ್ವಲ್ಪ ಸ್ವಲ್ಪವೇ ಕತ್ತಲಾಗುತ್ತದೆ, ಇಲಿಮರಿ ಜಾಗ ಬದಲಿಸುತ್ತಲೇ ಇರುತ್ತದೆ. ಪುಟ ಮಗುಚಲು ಬಿಡದೆ ನೀನು ಹುಡುಕುತ್ತಿದ್ದುದು ಅದನ್ನೇ. ಬೇಗ ಮಲಗು ಎಂದು ನಾನು ಗದರುತ್ತಿದ್ದೆ.

ಮಾರಿಸ್ ಸೆಂಡಾಕ್ ಅವರ ಮ್ಯಾಕ್ಸ್ ಎಂಬ ಹುಡುಗನ ಕತೆ, 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963), ಒಂದಿಷ್ಟೂ ಹಳೆಯದಾಗಿಲ್ಲ. ತಾಯಿ ಬೈದು ಊಟವಿಲ್ಲದೆ ಮಲಗಿಸುತ್ತಾಳೆ, ಹುಡುಗ ರಾಕ್ಷಸರ ರಾಜನಾಗಿ ಕುಣಿಯುತ್ತಾನೆ. ಕುಣಿತದ ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಮರಳಿ ಬಂದರೆ ಊಟ ಕಾದಿದೆ. ಊಟ ಇನ್ನೂ ಬಿಸಿಯಿತ್ತು ಎನ್ನುವ ಕಡೆಯ ಪುಟದಲ್ಲಿ ಚಿತ್ರವೇ ಇಲ್ಲ. ಆ ತಾಯಿಯಂತೂ ಇಡೀ ಪುಸ್ತಕದ ಒಂದು ಚಿತ್ರದಲ್ಲೂ ಕಾಣಿಸುವುದಿಲ್ಲ.

ನಾನು ಎಡವಿದ್ದು 'ದಿ ಗಿವಿಂಗ್ ಟ್ರೀ' ಬಳಿ. 1964ರಲ್ಲಿ ಬಂದ ಶೆಲ್ ಸಿಲ್ವರ್‌ಸ್ಟೀನ್ ಅವರ ಪುಸ್ತಕ. ಹುಡುಗನಿಗೆ ಹಣ್ಣು ಕೊಟ್ಟು, ಕೊಂಬೆ ಕೊಟ್ಟು, ಕಾಂಡವನ್ನೂ ಕೊಟ್ಟು ಮರ ಬರೀ ಬೊಡ್ಡೆಯಾಗಿ ಉಳಿಯುವ ಕತೆ. ನಿನಗೆ ಕನ್ನಡದಲ್ಲಿ ಹೇಳುತ್ತಿದ್ದೆನಲ್ಲ, ನಮ್ಮ ಭಾಷೆಯಲ್ಲಿ ಮರ ಎಂದರೆ 'ಅದು'. ಮೂಲದಲ್ಲಿ ಮರ 'ಅವಳು'. ಅವಳು ಕೊಡುತ್ತಲೇ ಹೋಗುತ್ತಾಳೆ. ಅವನು ಮುದುಕನಾಗುವವರೆಗೂ ಬಂದು ಬಂದು ಕೇಳುತ್ತಾನೆ, ಒಮ್ಮೆಯೂ ಉಪಕಾರ ನೆನೆಯುವುದಿಲ್ಲ. ಅವಳಿಗೆ ಅದರಲ್ಲೇ ಸುಖವಂತೆ. ತ್ಯಾಗವೆಂದರೆ ಇದು ಎಂದು ನಾನು ಎಷ್ಟೋ ರಾತ್ರಿ ಗಂಟಲುಬ್ಬಿ ಬಂದು ನಿನ್ನೆದುರು ತಡವರಿಸಿದ್ದೇನೆ. ಆ ಹೊತ್ತಿನಲ್ಲೆಲ್ಲ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಕಚೇರಿಯಿಂದ ನನ್ನ ಹಿಂದೆಯೇ ಮನೆಗೆ ಬಂದವಳು ನಿನ್ನ ಅಮ್ಮ.

ಇದನ್ನೇ ಅವಳಿಗೆ ಹೇಳಿದೆ. ಪತ್ರಿಕೆಯಿಂದ ಕಣ್ಣೆತ್ತದೆ, "ಈಗ ಹೊಳೆಯಿತೇ?" ಎಂದಳು.

ಪೆಟ್ಟಿಗೆಗೆ ಹಾಕಲೋ ಬೇಡವೋ ಎಂದು ಕೇಳಿದೆ. "ಹಾಕಿ. ಆದರೆ ಅದನ್ನು ಓದಿ ಹೇಳುವ ಕೆಲಸ ಅಳಿಯಂದಿರಿಗೆ ಇರಲಿ" ಎಂದಳು.

ಹಾಕಿದ್ದೇನೆ, ಎಲ್ಲಕ್ಕಿಂತ ಮೇಲೆಯೇ ಇದೆ.

ನಿನ್ನ
ಅಪ್ಪ