ಶನಿವಾರದ ಕೊನೆಯ ಪೀರಿಯಡ್ ಬಗ್ಗೆ: ಎಂಟು ಮತ್ತು ಒಂಬತ್ತನೇ ತರಗತಿಯ ಪೋಷಕರಿಗೆ

ಚಿತ್ರದುರ್ಗ

ಪೋಷಕ ಬಂಧುಗಳೇ, ನಮಸ್ಕಾರ.

ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಹಳಗನ್ನಡ ಶುರು ಮಾಡಿದ್ದಕ್ಕೆ ಕಳೆದ ವಾರ ಹಲವರು ಆಫೀಸಿಗೆ ಬಂದು ಬೇಸರ ಹೇಳಿಕೊಂಡಿರಿ. ಮುಂಚೆಯೇ ಡೈರಿಯಲ್ಲಿ ಬರೆಸಿ ಕಳಿಸಬೇಕಿತ್ತು, ಕಳಿಸಲಿಲ್ಲ. ತಪ್ಪು ನನ್ನದೇ.

ಮೊದಲು ಗಣಿತದ ಮಾತು. ಗಣಿತದ ಒಂದು ಪೀರಿಯಡ್ಡನ್ನೂ ಮುಟ್ಟಿಲ್ಲ. ವಿಜ್ಞಾನದ್ದನ್ನೂ ಮುಟ್ಟಿಲ್ಲ. ಇದು ಇಷ್ಟು ದಿನ ಟೈಮ್‌ಟೇಬಲ್‌ನಲ್ಲಿ ‘ಸ್ವಂತ ಓದು’ ಎಂದಿದ್ದ, ನಿಜ ಹೇಳಬೇಕೆಂದರೆ ಮಕ್ಕಳು ಹರಟೆ ಹೊಡೆಯುತ್ತಿದ್ದ ಪೀರಿಯಡ್. ಪರೀಕ್ಷೆ ಇಲ್ಲ, ಪುಸ್ತಕ ಕೊಳ್ಳಬೇಕಿಲ್ಲ, ಫೀಸೂ ಇಲ್ಲ.

ಒಬ್ಬ ತಾಯಿ ಬಂದು, “ಮೇಡಂ, ಮಗ ಮನೇಲಿ ಪಾಲ್ ಕೊಡು ಅಂತಾನೆ, ಟೆಸ್ಟ್‌ನಲ್ಲೂ ಹಂಗೇ ಬರೆದ್ರೆ?” ಅಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಆದರೆ ಆ ಹುಡುಗ ಕಲಿತದ್ದು ಸಣ್ಣದಲ್ಲ. ಹಳಗನ್ನಡದ ಪಕಾರ ಬರಬರುತ್ತಾ ಹಕಾರವಾಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಗೆ ಹಗೆಯಾಯಿತು. ಇದೊಂದು ಗೊತ್ತಾದರೆ ಪಂಪನ ಸಾಲಿನ ಎಷ್ಟೋ ಶಬ್ದ ಗೈಡಿಲ್ಲದೆ ಬಿಡಿಸಿಕೊಳ್ಳುತ್ತದೆ. ತಮಿಳರು ಹಾಲಿಗೆ ಇಂದಿಗೂ ಪಾಲ್ ಎನ್ನುತ್ತಾರೆಂದು ಹೇಳಿದ ದಿನ, ಗಲಾಟೆಗೆ ಹೆಸರಾದ ಒಂಬತ್ತನೇ ಕ್ಲಾಸೂ ಗಪ್‌ಚಿಪ್ಪಾಗಿ ಕೂತಿತ್ತು.

ಅಂಕ? ಹತ್ತನೇ ತರಗತಿಯ ಪ್ರಥಮ ಭಾಷೆಗೆ 125 ಅಂಕ. ಹಳಗನ್ನಡದ ಪದ್ಯ ಬಂದಾಗ ನಮ್ಮ ಮಕ್ಕಳು ಸಾರಾಂಶ ಉರು ಹೊಡೆಯುತ್ತಾರೆ, ಪದ್ಯ ಓದುವುದಿಲ್ಲ. ಅಂಕಕ್ಕಾಗಿ ಈ ಪಾಠವಲ್ಲ. ನೀವು ಕೇಳಿದ್ದೇ ಅದನ್ನಾದ್ದರಿಂದ ಹೇಳಿದೆ.

“ಶಾಸ್ತ್ರೀಯ ಸ್ಥಾನಮಾನ 2008ರಲ್ಲೇ ಬಂದಾಯ್ತಲ್ಲ, ಇನ್ನೇನು?” ಎಂದವರೂ ಇದ್ದಾರೆ. ಬಂದದ್ದು ಹಳೆಯ ಸಾಹಿತ್ಯದ ಬಲದಿಂದ. ಅದನ್ನು ಓದಬಲ್ಲವರೇ ಇಲ್ಲದಿದ್ದರೆ ಆ ಸ್ಥಾನಮಾನ ಕಟ್ಟಿಕೊಂಡು ಮಾಡುವುದೇನು? ನಮ್ಮ ಮಕ್ಕಳು ಚಂದ್ರವಳ್ಳಿಗೆ ಹೋಗುತ್ತಾರೆ, ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಅಲ್ಲಿನ ಮಯೂರಶರ್ಮನ ಕೆರೆಯ ಶಾಸನ ಕನ್ನಡವಲ್ಲ, ಪ್ರಾಕೃತ ಎಂಬುದು ನಮ್ಮ ಸ್ಟಾಫ್‌ರೂಮಿನಲ್ಲೇ ಕೆಲವರಿಗೆ ಗೊತ್ತಿರಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವೂ ಪ್ರಾಕೃತವೇ. ಅದರ ಒಂದೆರಡು ಸಾಲನ್ನೂ ಮಕ್ಕಳಿಗೆ ಓದಿಸುತ್ತೇವೆ: ತಂದೆತಾಯಿಯ ಸೇವೆ ಮಾಡಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇದಕ್ಕಂತೂ ನಿಮ್ಮ ತಕರಾರು ಇರಲಾರದು!

ನೀಟ್, ಸಿಇಟಿ ಎಂದು ಈಗಿನಿಂದಲೇ ಚಿಂತೆ ಮಾಡುವ ಮನೆಗಳ ಕಷ್ಟ ನನಗೆ ಗೊತ್ತು. ನನ್ನ ಮನೆಯಲ್ಲೂ ಓದುವ ಮಗಳಿದ್ದಾಳೆ. ಇದು ವಾರಕ್ಕೆ 40 ನಿಮಿಷದ ಮಾತು ಅಷ್ಟೆ, ಗಣಿತ ಇದ್ದ ಹಾಗೇ ಇದೆ. ಪಾಠ ಹೇಗೆ ನಡೆಯುತ್ತದೆಂದು ನೋಡುವ ಮನಸ್ಸಿದ್ದರೆ ಹಿಂದಿನ ಬೆಂಚಿನಲ್ಲಿ ಬಂದು ಕೂರಿ, ಸಂತೋಷವೇ. ಪೀರಿಯಡ್ ಮಾತ್ರ ನಿಲ್ಲಿಸುವುದಿಲ್ಲ.

ಶನಿವಾರ ಟ್ಯೂಷನ್ನಿಗೆಂದು ಮಕ್ಕಳನ್ನು ಬೆಲ್ ಹೊಡೆಯುವ ಮುಂಚೆ ಕರೆದುಕೊಂಡು ಹೋಗಬೇಡಿ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ